ಸಹಿಯಾಗದ ಲಕೋಟೆ

"ಆಂಟೀ, ಲಕೋಟೆ ಇಲ್ಲ!"

ಪಕ್ಕದ ಮನೆಯ ಹೇಮಶ್ರೀ ಬಾಗಿಲಲ್ಲಿ ನಿಂತು ಹೀಗೆಂದಾಗ ಮಧ್ಯಾಹ್ನ ಮೂರು ಗಂಟೆ. ಅವಳ ದೆಹಲಿ ರೈಲು ಸಂಜೆಗೆ. ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ ಏನೇ ಕಳೆದರೂ ಪತ್ತೆ ಮಾಡುವುದು ನನ್ನ ಹೆಂಡತಿ ಚೂಡಾಮಣಿ. ಬಾಲದಂತೆ ಹಿಂದೆ ಹೋಗುವುದು ನಾನು.

ಇದು ೨೦೦೪ರ ಮಾತು. ಲಕೋಟೆಯಲ್ಲಿದ್ದದ್ದು 'ಕಾನ್ಫಿಡೆನ್ಷಿಯಲ್' ಎಂದು ಬರೆದಿದ್ದ ನೇಮಕದ ಪತ್ರ. ಇಂಟರ್ನೆಟ್, ಉಪಗ್ರಹಗಳಂಥ ಹೊಸ ತಂತ್ರಜ್ಞಾನದಿಂದ ದೇಶದ ಭದ್ರತೆಗೆ ಏನು ಅಪಾಯ, ಅದಕ್ಕೆ ಯಾವ ಕಾನೂನು ಬೇಕು ಎಂದು ಸರ್ಕಾರಕ್ಕೆ ಬರೆದುಕೊಡುವ ಕೆಲಸ. ಪತ್ರವಿಲ್ಲದೆ ಆ ಕಚೇರಿಯ ಗೇಟು ದಾಟುವಂತಿಲ್ಲ.

ಅವರ ನಡುಮನೆ ಬೀಳ್ಕೊಡಲು ಬಂದ ನೆಂಟರಿಂದ ತುಂಬಿತ್ತು.

"ಎಲ್ಲಿಟ್ಟಿದ್ದೆ?" ಚೂಡಾಮಣಿ ಕೇಳಿದಳು.

"ಈ ಮೇಜಿನ ಮೇಲೆ. ಬೆಳಗ್ಗೆ."

ಎಲ್ಲರ ಕಣ್ಣು ಅಣ್ಣ ಶ್ರೀಧರ್ ಮೇಲೆ. ಅಷ್ಟು ದೂರ ಯಾಕೆ ಎಂದು ವಾರದಿಂದ ಜಗಳ ತೆಗೆದಿದ್ದವನು ಅವನೇ.

"ನಾನ್ಯಾಕೆ ತಗೊಳ್ಲಿ ಆಂಟಿ? ಟಿಕೆಟ್‌ಗೆ ಕ್ಯೂ ನಿಂತಿದ್ದೇ ನಾನು!"

ತಾಯಿ ಅಂಜಮ್ಮ ಆಗಲೇ ಅಳುತ್ತಿದ್ದರು. ತಂದೆ ಶಿವಲಿಂಗಯ್ಯ ಮಾತ್ರ ಮೂಲೆಯ ಕುರ್ಚಿಯಲ್ಲಿ ಬಿಗಿಯಾಗಿ ಕೂತಿದ್ದರು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿ ಅಧಿಕಾರಿಗಳಿಗೆ ಟಪಾಲು ತಲುಪಿಸಿದವರು.

"ನೀವು ನೋಡಿದ್ರಾ?" ಚೂಡಾಮಣಿ ಅವರನ್ನು ಕೇಳಿದಳು.

"ಯಾವ ಲಕೋಟೆ?"

ಹೇಮಶ್ರೀ ಚೂಡಾಮಣಿಯತ್ತ ತಿರುಗಿದಳು. "ನೋಡಿ ಆಂಟಿ! ಕೆಲ್ಸ ಸಿಕ್ಕಿದ್ಮೇಲೂ ಅಪ್ಪ ಒಂದು ಒಳ್ಳೇ ಮಾತಾಡಿಲ್ಲ. ಬೆಳಗ್ಗೆಯಿಂದ ಮೂರು ಸಲ ಬಂದು ಯಾವ್ದೋ ಪುಸ್ತಕಕ್ಕೆ ಸಹಿ ಹಾಕು ಅಂದ್ರು, ಅಷ್ಟೇ. ಆಮೇಲೆ ಹಾಕ್ತೀನಿ ಅಂದೆ."

ಚೂಡಾಮಣಿ ಮೇಜಿನ ಮೇಲೆ ಬಾಗಿದಳು. ಒಂದು ಕೆಂಪು ಚುಕ್ಕೆ.

"ಕುಂಕುಮ ಇರ್ಬೇಕು," ಎಂದರು ಅಂಜಮ್ಮ.

ಉಗುರಿನಿಂದ ಕೆರೆದಳು. ಗಟ್ಟಿಯಾಗಿತ್ತು.

"ಅಪ್ಪ, ಮಗಳು ಬಿಟ್ಟು ಎಲ್ರೂ ಹೊರಗೆ ಹೋಗಿ!"

ನನ್ನನ್ನೂ ದಬ್ಬಿದಳು. ನಾನು ಹೊರಗಿನಿಂದ ಕಿಟಕಿಗೆ ಕಣ್ಣಿಟ್ಟು ನಿಂತೆ.

"ಇದು ಕುಂಕುಮ ಅಲ್ಲ ಹೇಮಾ, ಅರಗು. ಲಕೋಟೆಗೆ ಮುದ್ರೆ ಒತ್ತೋ ಅರಗು. ಕಾನ್ಫಿಡೆನ್ಷಿಯಲ್ ಅಂತ ಬರೆದಿರೋ ಪತ್ರಾನ ನೀನು ಮೇಜಿನ ಮೇಲೆ ಬಿಟ್ಟಿದ್ದೆ. ಒಬ್ಬರಿಗೆ ಅದನ್ನ ನೋಡಿ ಸುಮ್ನಿರೋಕಾಗ್ಲಿಲ್ಲ. ಇನ್ನೊಂದು ಕವರಿಗೆ ಹಾಕಿ ಮುದ್ರೆ ಒತ್ತಿದ್ರು. ಸಹಿ ಇಲ್ದೆ ಕೊಡಲ್ಲ, ನಾಲ್ಕು ಜನರೆದುರು ಬಾಯಿ ಬಿಡಲ್ಲ. ನೀನು ಸಹಿ ಹಾಕದೇ ಇದ್ದಿದ್ದು ಟಪಾಲು ಪುಸ್ತಕಕ್ಕೆ ಕಣೇ, ಪತ್ರ ಕೈಗೆ ಸೇರಿತು ಅಂತ ಸಹಿ ಮಾಡೋ ಪುಸ್ತಕ. ಕಳ್ಳ ನಿಮ್ಮಪ್ಪ!"

ಶಿವಲಿಂಗಯ್ಯ ಅಂಗಿಯೊಳಗಿಂದ ಲಕೋಟೆ ತೆಗೆದರು. "ಮನೆ ತುಂಬ ಜನ. ಹೇಗೆ ಹೇಳ್ಲಿ ತಾಯೀ?"

ಹೇಮಶ್ರೀ ಪುಸ್ತಕಕ್ಕೆ ಸಹಿ ಹಾಕಿದಳು.

"ಕೆಳಗೆ ಹುದ್ದೆ ಬರೀಬೇಕು," ಎಂದರು ಶಿವಲಿಂಗಯ್ಯ.

ಬರೆದಳು: ಸಂಶೋಧನಾಧಿಕಾರಿ.

ಅವರು ಅದನ್ನು ಎರಡು ಸಲ ಓದಿದರು. ಎದ್ದು ನಿಂತು, ಎರಡೂ ಕೈಯಲ್ಲಿ ಲಕೋಟೆ ಚಾಚಿದರು.

"ತಗೊಳ್ಳಿ, ಮೇಡಂ."

ಅವಳು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದಳು. "ಮೊದ್ಲು ಕೂತ್ಕೋ ಅಪ್ಪ. ಇದು ಆಫೀಸರ್ ಆರ್ಡರ್."

ಶಿವಲಿಂಗಯ್ಯ ಕೂತರು. ಕೂತ ಮೇಲೆ ಅತ್ತರು. ಕಿಟಕಿಯಲ್ಲಿ ನಾನೂ ಅತ್ತೆ.