ತೇವಹೀರಿಯ ಕೆಳಗೆ ಎರಡು ಚಾಪೆ ಮೀನು

ಹೊಸಕೋಡಿ ಬಂದರಿನ ಎಚ್ಚರಿಕೆ ಕಂಬದಲ್ಲಿ ‘ತೇವಹೀರಿ’ ಗುಂಯ್‌ಗುಡುತ್ತಿತ್ತು. ಆಷಾಢದ ಜಡಿಮಳೆಯಲ್ಲೂ ಕಂಬದ ತಗಡಿನ ಚಾವಣಿಯಡಿ ಗಾಳಿ ಗರಿಗರಿಯಾಗಿ ಒಣಗಿತ್ತು. ಆ ಯಂತ್ರವನ್ನು ಕಂಡುಹಿಡಿದ ಡಾ. ಶ್ರೀನಿಧಿ ಉಪಾಧ್ಯರು ಏಳು ವರ್ಷ ತಲೆ ಕೆಡಿಸಿಕೊಂಡದ್ದು ಸುಮ್ಮನಲ್ಲ. ಕಂಬದ ಸೈರನ್ ಪೆಟ್ಟಿಗೆ ತಣ್ಣಗಾದಾಗ ಒಳಗಿನ ಆವಿ ಹನಿಗಟ್ಟಿ, ವಿದ್ಯುತ್ ಹಲಗೆ ಒದ್ದೆಯಾಗಿ, ಬಿರುಗಾಳಿಗೆ ಮುನ್ನ ದೋಣಿಗಳನ್ನು ಕರೆಯಬೇಕಾದ ಸೈರನ್ ಪ್ರತಿ ಮಳೆಗಾಲವೂ ಬಾಯಿ ಮುಚ್ಚುತ್ತಿತ್ತು. ತೇವಹೀರಿ ಆ ಆವಿಯನ್ನು ನೀರಾಗಿಸಿ, ಸಣ್ಣ ಕೊಳವೆಯಿಂದ ಹೊರಕ್ಕೆ ಬಿಡುತ್ತಿತ್ತು; ಒಣಗಿದ ಗಾಳಿಯನ್ನು ಚಾವಣಿಯಡಿಗೆ ಊದುತ್ತಿತ್ತು. ಶುಕ್ರವಾರದ ಪರೀಕ್ಷೆಯಲ್ಲಿ ಸೈರನ್ ಕೂಗಿದರೆ ಕರಾವಳಿಗೆಲ್ಲ ತೇವಹೀರಿ. ಕೂಗದಿದ್ದರೆ ಏಳು ವರ್ಷದ ದುಡಿಮೆ ಗುಜರಿಗೆ.

ಯಂತ್ರ ಕೂರಿಸಿ ತಿಂಗಳಾದ ಮೇಲೆ, ಸೋಮವಾರ ಉಪಾಧ್ಯರು ಬಂದು ನೋಡಿದರೆ ಕಂಬದಡಿ ಎರಡು ಚಾಪೆ ತುಂಬ ಮೀನು! ತಿಂಗಳಿಂದ ಇಲ್ಲೇ ಒಣಗಿಸುತ್ತಿದ್ದೇನೆಂದು ಮೀನು ಮಾರುವ ಮುತ್ತಕ್ಕ ನಿರಾಳವಾಗಿ ಹೇಳಿದಳು. ಉಪಾಧ್ಯರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಯಂತ್ರದ ತತ್ತ್ವವನ್ನೆಲ್ಲ ವಿವರಿಸಿದರು. ಮುತ್ತಕ್ಕ ಭಕ್ತಿಯಿಂದ ಕೇಳಿ, ಬಂಗುಡೆಗೆ ಇನ್ನೂ ಸ್ವಲ್ಪ ಜೋರು ಮಾಡಬಹುದೇ ಎಂದಳು. ಉಪಾಧ್ಯರ ಪಿತ್ತ ನೆತ್ತಿಗೇರಿತು. ಸಂಜೆಯೊಳಗೆ ಕಂಬದ ಸುತ್ತ ಬೇಲಿ ಎದ್ದಿತು, ಬೀಗವೂ ಬಿತ್ತು.

“ನಾನು ದಿನಾ ಬಂದ್ರೆ ನಿಮಗೇ ಒಳ್ಳೇದಿತ್ತು, ಅಯ್ಯಾ,” ಎಂದಳು ಮುತ್ತಕ್ಕ ಚಾಪೆ ಸುತ್ತುತ್ತ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಪರೀಕ್ಷಾಧಿಕಾರಿಗಳು ಗುಂಡಿ ಒತ್ತಿದರು. ಸೈರನ್ ಪಿಟ್ಟೆನ್ನಲಿಲ್ಲ. ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಇಣುಕಿದರೆ ಒಳಗೆ ನೀರು ನಿಂತಿತ್ತು. ಉಪಾಧ್ಯರು ಪೆಟ್ಟಿಗೆಯನ್ನು ಎರಡು ಸಲ ಗುದ್ದಿ ನೋಡಿದರು.

“ಬೀಗ ತೆಗೀರಿ ಮಾರಾಯ್ರೆ,” ಬೇಲಿಯಾಚೆಯಿಂದ ಮುತ್ತಕ್ಕನ ದನಿ ಬಂತು. “ಕೊಳವೆ ಬಾಯಲ್ಲಿ ಉಪ್ಪು ಕಟ್ಟಿದೆ.”

ಒಳಗೆ ಬಂದವಳೇ ತುರುಬಿನ ಪಿನ್ನು ಕಿತ್ತು ಕೊಳವೆಗೆ ಚುಚ್ಚಿದಳು. ನೀರು ಬುಳಬುಳನೆ ಅಧಿಕಾರಿಗಳ ಬೂಟಿನ ಮೇಲೆ ಸುರಿಯಿತು. ಕಡಲ ಗಾಳಿಯ ಉಪ್ಪು ಕೊಳವೆಯನ್ನು ಮುಚ್ಚುತ್ತದೆಂದು ಉಪಾಧ್ಯರಿಗೆ ಹೊಳೆದೇ ಇರಲಿಲ್ಲ. ಮುತ್ತಕ್ಕನಿಗೆ ಮಾತ್ರ ಮೊದಲ ವಾರವೇ ಗೊತ್ತಾಗಿತ್ತು: ಉಕ್ಕಿದ ನೀರು ತೊಟ್ಟಿಕ್ಕಿದ್ದು ಅವಳ ಮೀನಿನ ಮೇಲೆ. ಅಂದಿನಿಂದ ದಿನಾ ಬೆಳಿಗ್ಗೆ ಚಾಪೆ ಹಾಸುವ ಮೊದಲು ಕೊಳವೆ ಚುಚ್ಚುವುದು ಅವಳ ರೂಢಿಯಾಗಿತ್ತು.

ಅರ್ಧ ಗಂಟೆಯಲ್ಲಿ ಹಲಗೆ ಒಣಗಿತು. ಸೈರನ್ ಕೂಗಿದ ರಭಸಕ್ಕೆ ಬಂದರಿನ ಕಾಗೆಗಳೆಲ್ಲ ಎದ್ದವು. ಉಪಾಧ್ಯರಿಗೆ ಅಳುವೇ ಬಂತು. ಬೀಗದ ಕೈಯನ್ನು ಮುತ್ತಕ್ಕನ ಕೈಗಿಟ್ಟು, ಮೂಗಿನ ಕರವಸ್ತ್ರದಲ್ಲೇ ಕಣ್ಣೊರೆಸಿಕೊಂಡರು.

ಯಂತ್ರದ ಅಗತ್ಯ ಬಿಡಿಭಾಗಗಳ ಪಟ್ಟಿಯ ಕೊನೆಯಲ್ಲಿ ಅವರು ಅಂದೇ ಸ್ವಹಸ್ತದಿಂದ ಸೇರಿಸಿದರು: ‘ಹಸಿ ಮೀನು, ಎರಡು ಚಾಪೆ. ಪ್ರತಿದಿನ ಬದಲಾಯಿಸತಕ್ಕದ್ದು.’