ಸಾಕು ಅನ್ನೋ ಪ್ರೋಟೀನು

ಅಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತಲ್ಲೇ ಸತ್ತಳು. ಎಡಗಾಲು ನಾಲ್ಕು ದಿನದಿಂದ ಊದಿತ್ತು. ಸೂಪರ್‌ವೈಸರಿಗೆ ಮೂರು ಸಲ ಹೇಳಿದ್ದಳು. ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಕಾರ್ಖಾನೆಯ ಹೊಲಿಗೆ ಲೈನು ಇಪ್ಪತ್ತು ನಿಮಿಷ ನಿಂತಿತು, ಆಮೇಲೆ ಮತ್ತೆ ನಡೆಯಿತು.

ಮೂರು ವಾರ ಕಳೆದ ಮೇಲೆ ಕಾರ್ಖಾನೆ ಕ್ಲಿನಿಕ್ಕಿನ ಡಾಕ್ಟರು ನನ್ನ ಕೈಗೊಂದು ಚೀಟಿ ಕೊಟ್ಟರು.

"ನಿಮ್ಮ ಮನೆತನದ ರಕ್ತದಲ್ಲೇ ಏನೋ ಕೊರತೆ ಇರಬಹುದಮ್ಮ. ಪ್ರೋಟೀನ್ ಟೆಸ್ಟ್ ಮಾಡಿಸ್ಕೊಂಡು ಬಾ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಕಾರ್ಖಾನೆಯಲ್ಲಿ ಯಾರಾದರೂ ನಿನ್ನ ಒಳ್ಳೇದಕ್ಕೆ ಅಂದರೆ, ನಾವು ಹೆಂಗಸರು ಬ್ಯಾಗಿನ ಜಿಪ್ಪು ಮುಚ್ಚಿದೆಯಾ ಅಂತ ಮುಟ್ಟಿ ನೋಡಿಕೊಳ್ಳುತ್ತೇವೆ. ಆದರೂ ಹೋದೆ.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಲ್ಯಾಬು. ರಕ್ತ ತೆಗೆಯುವವನು ಸಪೂರ, ಕನ್ನಡಕ, ಬಿಳಿ ಕೋಟಿನ ಕಾಲರು ಸವೆದು ನೂಲು ಬಿಟ್ಟಿತ್ತು. ನಾನು ಕಾಲರ್ ಹೊಲಿಯುವವಳು, ಮೊದಲು ಕಣ್ಣಿಗೆ ಬಿದ್ದದ್ದೇ ಅದು.

"ಮುಷ್ಟಿ ಅಷ್ಟು ಬಿಗಿ ಹಿಡೀಬೇಡಿ," ಅಂದ. "ಯಾರ ಮೇಲೆ ಇಷ್ಟು ಕೋಪ?"

"ಪಟ್ಟಿ ದೊಡ್ಡದಿದೆ. ನೀವು ಸೂಜಿ ಸರಿಯಾಗಿ ಚುಚ್ಚಿ, ಇಲ್ಲಾಂದ್ರೆ ನಿಮ್ಮ ಹೆಸರೂ ಸೇರುತ್ತೆ."

ಅವನ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ನೀಲಿ ಮುಚ್ಚಳದ ಟ್ಯೂಬು ತೆಗೆದು, ಅದರ ಮೇಲಿನ ಗೆರೆಯ ಮಟ್ಟಕ್ಕೆ ಕಣ್ಣು ತಂದು, ರಕ್ತ ಗೆರೆ ಮುಟ್ಟುವವರೆಗೆ ಉಸಿರು ಹಿಡಿದು ಕಾದ. "ಸ್ವಲ್ಪ ಕಮ್ಮಿ ಆದ್ರೂ ರಿಸಲ್ಟು ಸುಳ್ಳು ಹೇಳುತ್ತೆ," ಅಂದ. ಗೆರೆ ಬಿಡದೆ ಕೆಲಸ ಮಾಡುವ ಗಂಡಸನ್ನು ನೋಡಿ ಎಷ್ಟು ಕಾಲವಾಗಿತ್ತು. ಅವನು ತಲೆಯೆತ್ತಿದಾಗ ನಾನು ಗೋಡೆ ನೋಡಿದೆ. ನಾನು ತಿರುಗಿದಾಗ ಅವನು ಟ್ಯೂಬು ನೋಡುತ್ತಿದ್ದ. ಅದರಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ.

ರಿಪೋರ್ಟು ಬಂತು. ಪ್ರೋಟೀನ್ ಎಸ್, ಮೂವತ್ತೆಂಟು. ಅರವತ್ತಾದರೂ ಇರಬೇಕಿತ್ತಂತೆ. ಡಾಕ್ಟರು ಅಕ್ಕನ ಫೈಲು ತೆಗೆದು ಅದರ ಮೇಲೆ ಬರೆದರು: ವಂಶದ ರಕ್ತದೋಷ, ಕೆಲಸಕ್ಕೆ ಸಂಬಂಧವಿಲ್ಲ.

ಅದೇ ಸಂಜೆ ಲ್ಯಾಬಿಗೆ ಹೋಗಿ ರಿಪೋರ್ಟನ್ನು ಅವನ ಮೇಜಿನ ಮೇಲೆ ಬಡಿದೆ.

"ನಮ್ಮಕ್ಕನ್ನ ಅವರು ಒಂದ್ಸಲ ಸಾಯಿಸಿದ್ರು. ಎರಡನೇ ಸಲ ನೀವು."

ಅವನು ಅದನ್ನು ಎತ್ತಿಕೊಂಡು ಓದಿದ. ಆಮೇಲೆ ಕೇಳಿದ, "ಯಾವುದಾದ್ರೂ ಮಾತ್ರೆ ತಗೊಳ್ತಿದ್ದೀರಾ?"

"ಬಿಳಿ ಮಾತ್ರೆ. ಲೈನಲ್ಲಿ ಎಲ್ಲರಿಗೂ ಕೊಡ್ತಾರೆ. ಮುಟ್ಟು ಮುಂದಕ್ಕೆ ಹೋಗುತ್ತೆ, ನಾವು ಬಾತ್‌ರೂಮಿಗೆ ಎದ್ದು ಓಡಾಡೋದು ತಪ್ಪುತ್ತೆ. ಅಕ್ಕನೂ ಒಂದು ವರ್ಷದಿಂದ ತಗೊಳ್ತಿದ್ಲು."

ಬ್ಯಾಗಿನಿಂದ ಮಾತ್ರೆಯ ಹಾಳೆ ತೆಗೆದು ಕೊಟ್ಟೆ. ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದಂತೆ ಅವನ ಮುಖ ಬಿಳಿಚಿಕೊಂಡಿತು. ಕಪಾಟಿನಿಂದ ನನ್ನ ಫಾರಂ ತಂದ. 'ಸೇವಿಸುತ್ತಿರುವ ಔಷಧಿ' ಅನ್ನುವ ಕಾಲಂ ಖಾಲಿ.

"ಇದು ಹಾರ್ಮೋನ್ ಮಾತ್ರೆ ರೀ. ಇದೇ ಆ ಪ್ರೋಟೀನನ್ನ ಕೆಳಗೆ ಎಳೆಯುತ್ತೆ. ಹೆಪ್ಪುಗಟ್ಟೋ ಅಪಾಯಾನೂ ಇದರಿಂದಲೇ ಹೆಚ್ಚುತ್ತೆ. ರಕ್ತ ತೆಗೆಯೋ ಮುಂಚೆ ನಾನು ಕೇಳಿ ಬರ್ಕೋಬೇಕಿತ್ತು."

"ಯಾಕೆ ಕೇಳಲಿಲ್ಲ?"

ಅವನು ಕನ್ನಡಕ ತೆಗೆದು ಒರೆಸಿದ. "ನಿಮ್ಮನ್ನ ನೋಡ್ತಾ ಇದ್ದೆ. ಮರೆತುಬಿಟ್ಟೆ."

ಬೇರೆ ಯಾವ ದಿನ ಆ ಮಾತು ಕೇಳಿದ್ದರೂ ಕೆನ್ನೆ ಬಿಸಿಯಾಗುತ್ತಿತ್ತು. ಅವತ್ತು ಮೈಯೆಲ್ಲ ಉರಿಯಿತು. "ನನ್ನ ಮುಖ ನೋಡ್ಕೊಂಡು ನನ್ನ ಅಕ್ಕನ ಫೈಲು ಮುಚ್ಚಿಸಿದ್ರಲ್ಲ," ಅಂದೆ. ಅವನು ತಲೆ ತಗ್ಗಿಸಿದ, ಆದರೆ ಎದ್ದು ಹೋಗಲಿಲ್ಲ.

"ಎಂಟು ವಾರ ಮಾತ್ರೆ ನಿಲ್ಲಿಸಿ. ಮತ್ತೆ ತೆಗೀತೀನಿ. ಈ ಸಲ ಕಣ್ಣು ಮುಚ್ಚಿಕೊಂಡು ಕೇಳ್ತೀನಿ."

"ಕಣ್ಣು ಮುಚ್ಕೊಂಡು ಸೂಜಿ ಚುಚ್ಚಬೇಡಿ, ಪುಣ್ಯಾತ್ಮ."

ಎಂಟು ವಾರ. ರಕ್ತದಲ್ಲೇ ದೋಷ ಅಂತ ಷರಾ ಬರೆದ ಡಾಕ್ಟರು ಮರುದಿನವೂ ಅದೇ ಮಾತ್ರೆ ನನ್ನ ಕೈಗೆ ಹಾಕಿದರು. ಅವರು ಎಂಥ ಡಾಕ್ಟರು ಅಂತ ಹೇಳಲು ಇದೊಂದೇ ಸಾಕು. ನಾಲಿಗೆಯಡಿ ಇಟ್ಟುಕೊಂಡು ಆಚೆ ಬಂದು ಉಗುಳಿದೆ. ಮುಟ್ಟು ಬಂದ ದಿನ ಎರಡು ಸಲ ಎದ್ದದ್ದಕ್ಕೆ ಸೂಪರ್‌ವೈಸರು ನನ್ನ ಹೆಸರನ್ನು ಬೋರ್ಡಿನ ಮೇಲೆ ಕೆಂಪಿನಲ್ಲಿ ಬರೆದ. ನಲವತ್ತು ಹೆಂಗಸರು ಅದನ್ನು ಓದಿದರು, ತಲೆ ತಗ್ಗಿಸಿ ಹೊಲಿದರು.

ಪ್ರತಿ ಶನಿವಾರ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅವನ ಜೊತೆ ಟೀ ಕುಡಿಯುತ್ತಿದ್ದೆ. ಕಾಲು ಊದಿದೆಯಾ, ಉಸಿರು ಕಟ್ಟುತ್ತಾ ಅಂತ ವಿಚಾರಿಸಲು ಅವನೇ ಕರೆದದ್ದು. ವಿಚಾರಣೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಟೀ ಮುಗಿಯಲು ಒಂದು ಗಂಟೆ ಬೇಕಾಗುತ್ತಿತ್ತು.

"ಆ ಪ್ರೋಟೀನು ಮಾಡೋ ಕೆಲಸವಾದ್ರೂ ಏನು?" ಅಂತ ಒಂದು ಶನಿವಾರ ಕೇಳಿದೆ.

"ಗಾಯ ಆದಾಗ ರಕ್ತ ಹೆಪ್ಪುಗಟ್ಟಬೇಕು. ಆದ್ರೆ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ? ಸಾಕು, ಇನ್ನು ಬೇಡ ಅಂತ ಹೇಳೋಕೆ ಒಬ್ಬರು ಬೇಕು. ಆ ಒಬ್ಬರೇ ಈ ಪ್ರೋಟೀನು."

"ನಮ್ಮ ಕಾರ್ಖಾನೆಗೆ ಒಂದು ಟ್ಯೂಬು ಕೊಡಿ ಹಾಗಾದ್ರೆ."

ಅವನು ನಕ್ಕ. ನಾನು ಅವನ ಕೋಟು ಕಿತ್ತುಕೊಂಡು ಮನೆಗೆ ಒಯ್ದೆ. ಕಾಲರ್ ಬಿಚ್ಚಿ, ಸವೆದ ಮಗ್ಗುಲನ್ನು ಒಳಗೆ ತಿರುವಿ ಹೊಲಿದೆ. ಅಮ್ಮ ಪಕ್ಕದಲ್ಲಿ ಕೂತು, "ಯಾರ ಕೋಟೇ ಅದು?" ಅಂದಳು. "ಬೈಯೋಕೆ ಇಟ್ಕೊಂಡಿರೋ ಒಬ್ಬರದು" ಅಂದೆ. ಅಕ್ಕ ಹೋದ ಮೇಲೆ ಅಮ್ಮ ಮೊದಲ ಸಲ ನನ್ನನ್ನು ಓರೆಗಣ್ಣಿನಲ್ಲಿ ನೋಡಿದಳು.

ಕೋಟು ಕೊಟ್ಟಾಗ ಅವನು ಕಾಲರಿನ ಅಂಚಿನ ಮೇಲೆ ಬೆರಳಾಡಿಸಿದ. "ನನ್ನನ್ನ ಕ್ಷಮಿಸಿದ್ರಾ?"

"ಇಲ್ಲ."

"ಮತ್ತೆ ಇದು?"

"ಕಾಲರ್ ಏನು ತಪ್ಪು ಮಾಡಿತ್ತು?"

"ನೀನು ಅಂತಾದ್ರೂ ಕರೀರಿ."

"ಕೋಪ ಇಳೀಲಿ, ನೋಡೋಣ."

ಎಂಟನೇ ವಾರ ನೀಲಿ ಮುಚ್ಚಳ ಮತ್ತೆ ಬಂತು. ಈ ಸಲ ನೆಗಡಿ ಮಾತ್ರೆಯವರೆಗೆ ಎಲ್ಲ ಕೇಳಿ ಬರೆದುಕೊಂಡ. ರಿಪೋರ್ಟಿನಲ್ಲಿ ಪ್ರೋಟೀನು ಎಂಬತ್ತನಾಲ್ಕು. ನನ್ನ ರಕ್ತ ಸರಿಯಾಗಿತ್ತು. ಖುಷಿಯಾಗಬೇಕಿತ್ತು, ಅಕ್ಕನ ಫೈಲಿನ ಮೇಲಿನ ಷರಾ ನೆನಪಾಯಿತು.

"ಅಕ್ಕನ ರಕ್ತ ನಾನು ನೋಡಿಲ್ಲ, ಅದರ ಬಗ್ಗೆ ಹೇಳಲಾರೆ," ಅಂದ ಅವನು. "ಆದ್ರೆ ನಿಮ್ಮ ರಕ್ತ ತೋರಿಸಿ ಅವಳ ಫೈಲು ಮುಚ್ಚೋ ಹಾಗಿಲ್ಲ."

ಕಾರ್ಮಿಕ ಅಧಿಕಾರಿಗೆ ದೂರು ಬರೆದೆ. ಅಕ್ಕನ ಸಾವಿಗೆ ಕಾರಣ ಮತ್ತೆ ಹುಡುಕಬೇಕು, ಮಾತ್ರೆ ನಿಲ್ಲಬೇಕು, ಎರಡೇ ಮಾತು. ಲೈನಿನ ಹದಿನೇಳು ಹೆಂಗಸರು ಸಹಿ ಹಾಕಿದರು. ಅಧಿಕಾರಿ ಲ್ಯಾಬಿನಿಂದ ನನ್ನ ಕಾಗದಗಳನ್ನು ಕೇಳಿದರು.

ಆ ಬೆಳಿಗ್ಗೆ ಅವುಗಳ ನಕಲು ಪಡೆಯಲು ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದೆ. ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಲ್ಯಾಬಿನ ಮಾಲೀಕರು, ಅವರ ಮುಂದೆ ಅವನು. ಮೇಜಿನ ಮೇಲೆ ನನ್ನ ಮೊದಲ ಫಾರಂ.

"ಎರಡನೇ ಟೆಸ್ಟು ನಮ್ಮಲ್ಲಿ ಆಗೇ ಇಲ್ಲ, ತಿಳೀತಾ?" ಮಾಲೀಕರ ದನಿ ಮೆತ್ತಗಿತ್ತು. "ಇದರಲ್ಲಿ ಔಷಧಿ ಕಾಲಂ ಖಾಲಿ ಇದೆ. ಯಾವುದೂ ಇಲ್ಲ ಅಂತ ಬರೆದು ಸಹಿ ಹಾಕು. ಆ ಕಾರ್ಖಾನೆಯ ಚೆಕಪ್ಪೆಲ್ಲ ನಮಗೇ ಬರ್ತಿರೋದು ಗೊತ್ತಲ್ಲ."

"ಆ ಕಾಲಂ ಖಾಲಿ ಬಿಟ್ಟಿದ್ದು ನಾನು ಸರ್. ಯಾಕೆ ಬಿಟ್ಟೆ ಅಂತ ಅಧಿಕಾರಿಗೆ ಹೇಳ್ತೀನಿ."

"ಏನಂತ ಹೇಳ್ತೀಯ?"

"ಅವರನ್ನ ನೋಡ್ತಾ ಮೈಮರೆತೆ ಅಂತ. ಇವತ್ತಿಗೂ ನೋಡಿದ್ರೆ ಹಾಗೇ ಆಗುತ್ತೆ ಅಂತ. ತಪ್ಪು ನಂದು, ಅವರ ರಕ್ತದ್ದಲ್ಲ ಅಂತ."

ಗಾಜಿನ ಈಚೆ ನಾನು ನನ್ನ ಬೆರಳುಗಳನ್ನೇ ಹಿಡಿದು ಕೂತೆ. ಪ್ರೀತಿ ಹೇಳಿಕೊಳ್ಳಲು ಇವನಿಗೆ ಸಿಕ್ಕ ಜಾಗ ನೋಡಿ.

ಮಾಲೀಕರು ಈಚೆ ಬಗ್ಗಿ ನೋಡಿದರು. "ಓ, ಹೀಗೋ ವಿಷಯ. ಒಳಗೆ ಬಾರಮ್ಮ. ಇವನು ಹೊಟ್ಟೆಪಾಡು ಕಳ್ಕೊಳ್ತಾನೆ. ನೀನಾದ್ರೂ ಬುದ್ಧಿ ಹೇಳು. ಎರಡೇ ಎರಡು ಪದ ಬರೆದ್ರೆ ಎಲ್ಲರಿಗೂ ಒಳ್ಳೇದು."

ಒಳಗೆ ಹೋದೆ. ಅವನ ಕಾಲರ್ ನೇರವಾಗಿತ್ತು. ಅವನ ಪಕ್ಕದಲ್ಲಿ ನಿಂತೆ, ತೋಳಿಗೆ ತೋಳು ತಾಗುವಷ್ಟು ಹತ್ತಿರ.

"ಪೆನ್ನು ಜೇಬಲ್ಲಿ ಇಟ್ಕೋ," ಅಂದೆ.

ಅವನು ತಿರುಗಿ ನನ್ನನ್ನು ನೋಡಿದ. ಇಷ್ಟು ದಿನ ಕಾದಿದ್ದ ಏಕವಚನ ಕಿವಿಗೆ ಬಿದ್ದದ್ದು ಅವನ ಕಣ್ಣಲ್ಲೇ ಕಂಡಿತು. ಪೆನ್ನಿಗೆ ಮುಚ್ಚಳ ಹಾಕಿದ, ಜೇಬಿಗೆ ಸಿಕ್ಕಿಸಿದ.

ಮಾಲೀಕರು ತಮ್ಮ ಪೆನ್ನನ್ನು ತೆಗೆದು ಫಾರಂ ಮೇಲಿಟ್ಟು ಅವನತ್ತ ತಳ್ಳಿದರು. "ಕೊನೇ ಸಲ ಹೇಳ್ತಿದ್ದೀನಿ. ಬರಿ."

"ಬರೆಯಲ್ಲ ಸರ್," ಅಂದ.