ಆಕಾಶದಲ್ಲಿ ಶುಭ ಕೋರುವವರು

2058ರ ಡಿಸೆಂಬರಿನ ಒಂದು ಮಧ್ಯಾಹ್ನ, ನಾರ್ವೆಯ ಉತ್ತರ ತುದಿಯ ಕಗ್ಗತ್ತಲಲ್ಲಿ, ಮಾಜಿ ಸಚಿವ ಚನ್ನವೀರಗೌಡರ ಹೆಸರು ಆಕಾಶದ ತುಂಬ ಹಳದಿಯಾಗಿ ಹೊತ್ತಿಕೊಂಡಿತು. ‘ಗೌ’ ಎಂಬ ಒಂದೇ ಅಕ್ಷರದ ಕೆಳಗೆ ಮೂರು ತಾಲ್ಲೂಕು ಮಲಗಿ ಗೊರಕೆ ಹೊಡೆಯಬಹುದಿತ್ತು.

ಅದನ್ನು ಹೊತ್ತಿಸಿದ ಲೇಸರ್ ಯಂತ್ರ ವಿಜ್ಞಾನಿ ಡಾ. ಶಿವಲೀಲಾ ಹೂಗಾರರದು. ಉಲ್ಕೆಗಳು ಉರಿದು ಉದುರಿಸಿದ ಸೋಡಿಯಂ ಪರಮಾಣುಗಳು ನೆಲದಿಂದ ತೊಂಬತ್ತು ಕಿಲೋಮೀಟರ್ ಮೇಲೆ ತೆಳ್ಳನೆಯ ಪದರವಾಗಿ ನಿಂತಿರುತ್ತವೆ. ತಕ್ಕ ಬಣ್ಣದ ಲೇಸರ್ ತಾಗಿದರೆ ಹಳದಿಯಾಗಿ ಹೊಳೆಯುತ್ತವೆ. ಧ್ರುವಪ್ರಭೆ ಬಂದಾಗ ಈ ಲೋಹಕ್ಕೆ ಏನಾಗುತ್ತದೆಂದು ಅಳೆಯಲು ಆಕೆ ಯಂತ್ರ ಕಟ್ಟಿದ್ದು. ಹಣ ಕೊಟ್ಟದ್ದು ಗೌಡರ ಟ್ರಸ್ಟು. ಮನುಕುಲದ ಸಮಸ್ತ ಜ್ಞಾನವನ್ನು ಹುಟ್ಟುಹಬ್ಬದ ಫ್ಲೆಕ್ಸಿಗೆ ಬಳಸಬಹುದೆಂದು ಕಂಡುಹಿಡಿದ ಕೀರ್ತಿಯೂ ಗೌಡರದೇ.

ಅಂದು ಬೆಳಿಗ್ಗೆಯೇ ಶಿವಲೀಲಾ ಬೇಡಿಕೊಂಡಿದ್ದರು. “ಸಾಹೇಬ್ರ, ಇವತ್ತ ಸೂರ್ಯನ ದೊಡ್ಡ ಬಿರುಗಾಳಿ ಬಂದು ಬಡೀತದ. ಇಂಥಾದ್ದು ಮತ್ತ ಹನ್ನೊಂದ ವರ್ಷಕ್ಕ. ಲೇಸರ್ ನನಗ ಬಿಟ್ಟುಕೊಡ್ರಿ.”

“ಸೂರ್ಯ ನಾಳೆನೂ ಹುಟ್ಟತಾನ, ತಂಗಿ. ನನ್ನ ಬರ್ಥಡೇ ಇವತ್ತ ಐತಿ.”

ಚಳಿಗಾಲವಿಡೀ ಕತ್ತಲೆಯಲ್ಲೇ ಇರುವ ಆ ಊರಿನಲ್ಲಿ ಸೂರ್ಯ ಹುಟ್ಟಲು ಇನ್ನೂ ಒಂದು ತಿಂಗಳಿತ್ತು. ಗೌಡರಿಗೆ ಅದೂ ಗೊತ್ತಿರಲಿಲ್ಲ.

ಅವರ ಹಿಂಬಾಲಕ ಮಲ್ಲೇಶಿ ಮುಂದೆ ನುಗ್ಗಿದ. “ಮೇಡಮ್ಮಾರ, ‘ಶುಭ ಕೋರುವವರು’ ಅಂತ ಕೆಳಗ ನಮ್ಮ ಹೆಸರೂ ಬರಬೇಕ್ರಿ. ನಂದು ಬಿಟ್ಟೀರೋ, ನಾ ಪಾರ್ಟಿನ ಬಿಡ್ತೇನಿ.”

ಶಿವಲೀಲಾ ಹಲ್ಲು ಕಚ್ಚಿ ನಿಂತರು. ಆಮೇಲೆ ಇದ್ದಕ್ಕಿದ್ದಂತೆ ಮೆತ್ತಗಾದರು. “ಒಬ್ಬರದೂ ಬಿಡೂದಿಲ್ರಿ. ಎಲ್ಲಾರ ಹೆಸರೂ ಹೇಳ್ರಿ, ಆಕಾಶ ಮುಗಿಯೂತನಕ ಹಾಕ್ತೇನಿ.”

ಆಕೆ ಅಳೆಯಬೇಕೆಂದಿದ್ದದ್ದು ಆಕಾಶದ ಒಂದೇ ಒಂದು ಚುಕ್ಕೆಯನ್ನು. ಹಿಂಬಾಲಕರ ಪೈಪೋಟಿಯಲ್ಲಿ ಹೆಸರುಗಳು ದಿಗಂತದಿಂದ ದಿಗಂತಕ್ಕೆ ಹಬ್ಬಿದವು. ದೇವತೆಗಳು ಇಣುಕಿ ನೋಡಲೂ ಸಂದಿ ಉಳಿಯಲಿಲ್ಲ.

ಹೆಸರು ಹೊತ್ತಿಕೊಂಡ ಸ್ವಲ್ಪ ಹೊತ್ತಿಗೇ, ಸೂರ್ಯನ ಬಿರುಗಾಳಿ ಎಬ್ಬಿಸಿದ ಹಸಿರು ಧ್ರುವಪ್ರಭೆ ಉತ್ತರದಿಂದ ಇಳಿಯಿತು. ಅದು ಬಂದ ಕಡೆಯಲ್ಲೆಲ್ಲ ಸೋಡಿಯಂ ಪರಮಾಣುಗಳು ಒಂದೊಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾದವು. ಅಯಾನು ಈ ಲೇಸರಿಗೆ ಹೊಳೆಯುವುದಿಲ್ಲ. ಮೊದಲು ಮಲ್ಲೇಶಿ ಹೋದ. ಅವನ ಹಿಂದೆ ಇಡೀ ಜಿಲ್ಲಾ ಘಟಕ ಹೋಯಿತು. ಕೊನೆಗೆ ‘ಚನ್ನ’ ಹೋಗಿ ‘ವೀರ’ವೂ ಮಸುಕಾಯಿತು.

“ಯಾರ ಅಳಸಾಕತ್ತಾರ ಅದನ್ನ? ವಿರೋಧ ಪಕ್ಷದವರೇನ?” ಗೌಡರು ಗುಡುಗಿದರು.

“ಅಲ್ರಿ. ಸೂರ್ಯ.”

“ಅಂವಂದು ಯಾವ ಪಕ್ಷ?”

ಶಿವಲೀಲಾ ಯಂತ್ರದ ತೆರೆಯ ಮೇಲಿಂದ ಕಣ್ಣು ಕೀಳಲಿಲ್ಲ. ಯಾವ ಅಕ್ಷರ ಎಲ್ಲಿ, ಎಷ್ಟು ಬೇಗ ಅಳಿಯಿತೆಂಬುದೆಲ್ಲ ದಾಖಲಾಗುತ್ತಿತ್ತು. ಧ್ರುವಪ್ರಭೆ ಆಕಾಶದ ಲೋಹವನ್ನು ಮರೆಮಾಡುವ ಬಗೆಯ ಪೂರ್ತಿ ನಕ್ಷೆ ಆಕೆಯ ಕೈಗೆ ಬಂದಿತ್ತು. ಗೌಡರು ಜನ್ಮದಲ್ಲಿ ಮಾಡಿದ ಏಕೈಕ ಸಾರ್ವಜನಿಕ ಸೇವೆಯೆಂದರೆ ಹೀಗೆ ಕಾಣೆಯಾದದ್ದು. ಅದನ್ನೂ ಮನಸಾರೆ ಮಾಡಲಿಲ್ಲ.

ಇದೆಲ್ಲ ಮುಂದಿನ ಮಾತು. ಸದ್ಯ ನಮ್ಮೂರ ಸರ್ಕಲ್ಲಿನಲ್ಲಿ, ಟ್ರಾಫಿಕ್ ಸಿಗ್ನಲ್ಲಿಗೆ ಅಡ್ಡವಾಗಿ, ಗೌಡರ ಅಪ್ಪ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿದ್ದಾರೆ. ಕೆಳಗೆ ಶುಭ ಕೋರುವವರ ಸಾಲಿನಲ್ಲಿ, ಕಪ್ಪು ಕನ್ನಡಕ ಹಾಕಿದ ಎಳೆಯ ಮುಖವೊಂದಿದೆ: ಚನ್ನವೀರ. ಧ್ರುವಪ್ರಭೆ ಅಷ್ಟು ಕೆಳಗೆ ಇಳಿಯುವುದಿಲ್ಲ.